ಇಷ್ಟೆಲ್ಲ ತರಬೇತಿ ಕೊಟ್ಟರೂ ಅಧ್ಯಾಪಕರು ಎಲ್‌ಎಂಎಸ್ ಯಾಕೆ ಬಳಸಲ್ಲ?

ಪ್ರಶ್ನೆ: ನಾನು ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಕಲಿಕೆ ವಿಭಾಗ ನೋಡಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಎಲ್‌ಎಂಎಸ್ (ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಪಾಠದ ಸಾಮಗ್ರಿ, ಅಸೈನ್‌ಮೆಂಟ್, ಕ್ವಿಜ್, ಅಂಕ ಎಲ್ಲವನ್ನೂ ಆನ್‌ಲೈನ್‌ನಲ್ಲಿ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್) ಹಾಕಿಸಿದೆವು. ನಾಲ್ಕು ಸುತ್ತು ತರಬೇತಿ ಆಯಿತು. ‘ಬೋಧನೆ, ಕಲಿಕೆಗೆ ಎಲ್‌ಎಂಎಸ್ ಉಪಯುಕ್ತವೇ?’ ಅಂತ ಅಧ್ಯಾಪಕರ ಸರ್ವೆ ಮಾಡಿದಾಗ ಹೆಚ್ಚುಕಮ್ಮಿ ಎಲ್ಲರೂ ‘ತುಂಬಾ ಉಪಯುಕ್ತ’ ಅಂತಲೇ ಟಿಕ್ ಹಾಕಿದರು. ಆದರೆ ಒಳಗೆ ಹೋಗಿ ನೋಡಿದರೆ ಕೋರ್ಸ್ ಪುಟದಲ್ಲಿ ನಾಲ್ಕು ಪಿಡಿಎಫ್, ಒಂದು ಪಿಪಿಟಿ, ಅಷ್ಟೇ. ಉಳಿದದ್ದೆಲ್ಲ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ನಡೆಯುತ್ತದೆ. ಹಿರಿಯರಿಗೆ ಕಂಪ್ಯೂಟರ್ ಭಯ ಅಂತ ಕೆಲವರು ಹೇಳುತ್ತಾರೆ. ಈಗ ಮೇಲಿನವರು ಸುತ್ತೋಲೆ ಹೊರಡಿಸಿ ಕಡ್ಡಾಯ ಮಾಡೋಣ ಅನ್ನುತ್ತಿದ್ದಾರೆ. ಮಾಡಬಹುದಾ?

ಉತ್ತರ: ಸುತ್ತೋಲೆಯ ಕರಡು ತಯಾರಾಗಿದ್ದರೆ ಸದ್ಯಕ್ಕೆ ಡ್ರಾಯರ್‌ನಲ್ಲಿ ಇಟ್ಟುಬಿಡಿ. ಒಂದು ಸೆಮಿಸ್ಟರ್ ಮಟ್ಟಿಗಾದರೂ. ಸುತ್ತೋಲೆ ಬೇಕೇ ಆಗಬಹುದು, ಆದರೆ ಅದರ ಮೇಲೆ ಯಾರ ವಿಳಾಸ ಬರೆಯಬೇಕು ಅನ್ನುವುದರಲ್ಲಿ ನನಗೆ ತಕರಾರಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಸರ್ವೆ. ಎಲ್ಲರೂ ತುಂಬಾ ಉಪಯುಕ್ತ ಅಂದಿದ್ದಾರೆ, ಆದರೆ ಬಳಸುತ್ತಿಲ್ಲ. ಹಾಗಾದರೆ ಸುಳ್ಳು ಹೇಳಿದರು ಅನಿಸುತ್ತದೆ ಅಲ್ವಾ? ನನಗೆ ಹಾಗನಿಸುವುದಿಲ್ಲ. ನೀವು ಕೇಳಿದ ಪ್ರಶ್ನೆಗೆ ಇಲ್ಲ ಅನ್ನುವವರು ಯಾರಿದ್ದಾರೆ? ಬೆಳಗ್ಗೆ ಬೇಗ ಏಳುವುದು ಒಳ್ಳೆಯದಾ ಅಂತ ಕೇಳಿದರೂ ಎಲ್ಲರೂ ಹೌದು ಅನ್ನುತ್ತಾರೆ. ಏಳುವವರು ಎಷ್ಟು ಜನ?

ಈ ವಿಷಯದಲ್ಲಿ ಯಾರೇ ಮಾತಾಡಿದರೂ ಫ್ರೆಡ್ ಡೇವಿಸ್ ಹೆಸರು ಬಂದೇ ಬರುತ್ತದೆ. ಜನ ಹೊಸ ತಂತ್ರಜ್ಞಾನವನ್ನು ಯಾಕೆ ಒಪ್ಪುತ್ತಾರೆ, ಯಾಕೆ ಬಿಡುತ್ತಾರೆ ಅನ್ನುವುದಕ್ಕೆ ಅವರು ಕಟ್ಟಿದ ಮಾದರಿಗೆ ಟೆಕ್ನಾಲಜಿ ಆಕ್ಸೆಪ್ಟೆನ್ಸ್ ಮಾಡೆಲ್ ಅಂತ ಹೆಸರು. ಚಿಕ್ಕದಾಗಿ ಟ್ಯಾಮ್. 1989ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಎರಡು ಅಧ್ಯಯನಗಳಿವೆ. ಒಟ್ಟು 152 ಜನ, ನಾಲ್ಕು ಸಾಫ್ಟ್‌ವೇರ್. ಪ್ರತಿಯೊಬ್ಬರಿಗೂ ಕೇಳಿದ್ದು ಮುಖ್ಯವಾಗಿ ಎರಡು ವಿಷಯ. ಇದರಿಂದ ನಿಮಗೆ ಪ್ರಯೋಜನ ಇದೆ ಅನಿಸುತ್ತದಾ? ಬಳಸುವುದು ಸುಲಭ ಅನಿಸುತ್ತದಾ? ಪ್ರಯೋಜನಕ್ಕೂ ಈಗಿನ ಬಳಕೆಗೂ ಇದ್ದ ನಂಟು 0.63. ಸುಲಭ ಅನ್ನುವುದಕ್ಕೂ ಬಳಕೆಗೂ ಇದ್ದದ್ದು 0.45. ಎರಡನೇ ಅಧ್ಯಯನದಲ್ಲಿ, ಮುಂದೆ ಬಳಸುತ್ತೀರಾ ಅಂತ ಕೇಳಿದಾಗ, 0.85 ಮತ್ತು 0.59. ಪೂರ್ತಿ ನಂಟು ಅಂದರೆ 1 ಅಂತ ಇಟ್ಟುಕೊಂಡು ಈ ಅಂಕಿಗಳನ್ನು ಓದಿ. ಎರಡು ಸಲವೂ ಪ್ರಯೋಜನವೇ ಮುಂದಿದೆ. ಕೆಲಸಕ್ಕೆ ಬರುತ್ತದೆ ಅಂತಾದರೆ ಜನ ಒದ್ದಾಡಿಕೊಂಡಾದರೂ ಕಲಿಯುತ್ತಾರೆ. ಕೆಲಸಕ್ಕೆ ಬಾರದ್ದನ್ನು ಎಷ್ಟು ಸಲೀಸು ಮಾಡಿಕೊಟ್ಟರೂ ಮುಟ್ಟುವುದಿಲ್ಲ.

ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಡೇವಿಸ್ ಪ್ರಶ್ನೆಗಳನ್ನು ಹೇಗೆ ಕೇಳಿದ್ದರು ಅನ್ನುವುದನ್ನು ನೋಡುವವರು ಕಮ್ಮಿ. ‘ನನ್ನ ಕೆಲಸದಲ್ಲಿ ಇದನ್ನು ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ’, ಈ ಥರದ ಸಾಲುಗಳು ಅವು. ಬೋಧನೆಗೆ ಒಳ್ಳೆಯದಾ, ಸಂಸ್ಥೆಗೆ ಒಳ್ಳೆಯದಾ ಅಂತ ಅವರು ಕೇಳಲಿಲ್ಲ. ನಿಮ್ಮ ಅಧ್ಯಾಪಕರು ವಿದ್ಯಾರ್ಥಿಗೆ ಉಪಯುಕ್ತ, ವಿಶ್ವವಿದ್ಯಾಲಯಕ್ಕೆ ಉಪಯುಕ್ತ ಅಂದುಕೊಂಡು ಪ್ರಾಮಾಣಿಕವಾಗಿಯೇ ಟಿಕ್ ಹಾಕಿದ್ದಾರೆ. ‘ನನಗೆ?’ ಅನ್ನುವ ಪ್ರಶ್ನೆಯನ್ನು ನೀವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇನ್ನೊಂದು ಮಾತು. ಡೇವಿಸ್ ಅಳೆದ ಬಳಕೆ ಕೂಡ ಜನ ಬಾಯಲ್ಲಿ ಹೇಳಿದ್ದೇ, ಕಂಪ್ಯೂಟರ್ ದಾಖಲೆಯಿಂದ ತೆಗೆದದ್ದಲ್ಲ. ಈ ಕ್ಷೇತ್ರದ ಎಷ್ಟೋ ಸಂಶೋಧನೆಗೆ ಈ ದೋಷ ಇವತ್ತಿಗೂ ಅಂಟಿಕೊಂಡಿದೆ. ಹಾಗಾಗಿ ಸರ್ವೆ ಬಂದ ಕೂಡಲೇ ಒಳಗೆ ಹೋಗಿ ಕೋರ್ಸ್ ಪುಟ ನೋಡಿದ್ದಕ್ಕೆ ನಿಮಗೊಂದು ಶಹಬ್ಬಾಸ್.

ಈಗ ‘ನನಗೆ’ ಅಂದರೆ ಏನು ಅಂತ ಹತ್ತಿರದಿಂದ ನೋಡೋಣ. ಒಮ್ಮೆ ಒಬ್ಬ ಅಧ್ಯಾಪಕಿಯ ಪಕ್ಕದಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕುಳಿತಿದ್ದೆ. ಅವರು ಎಲ್‌ಎಂಎಸ್‌ನಲ್ಲಿ 62 ಅಸೈನ್‌ಮೆಂಟ್ ತಿದ್ದುತ್ತಿದ್ದರು. ನಾನು ಬಾಯಿ ಬಿಡುವ ಹಾಗಿಲ್ಲ, ಸುಮ್ನೆ ನೋಡಬೇಕು, ಅದು ನಾನೇ ಹಾಕಿಕೊಂಡ ನಿಯಮ. ಹೆಸರಿನ ಮೇಲೆ ಒತ್ತಿದರು. ಫೈಲ್ ತೆರೆದುಕೊಳ್ಳುವವರೆಗೆ ಕಾದರು. ಓದಿದರು. ಬಲಗಡೆ ಅಂಕದ ಚೌಕದಲ್ಲಿ 7 ಹಾಕಿದರು. ಕೆಳಗಿಳಿಸಿ ಟಿಪ್ಪಣಿಯ ಚೌಕದಲ್ಲಿ ಒಂದು ಸಾಲು ಬರೆದರು. ಸೇವ್ ಕೊಟ್ಟರು. ಮತ್ತೆ ಕಾದರು. ಮುಂದಿನವರು. ಮೂರನೇ ವಿದ್ಯಾರ್ಥಿ ಬರೆದ ಹಾಳೆಯ ಫೋಟೋ ತೆಗೆದು ಹಾಕಿದ್ದ, ಅದೂ ಅಡ್ಡಡ್ಡ. ಮೇಡಂ ಕತ್ತು ವಾಲಿಸಿ ಓದಿದರು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಟಿಪ್ಪಣಿ ಬರೆಯುವುದು ನಿಂತಿತ್ತು, ಬರೀ ಅಂಕ.

ಅಲ್ಲಿಯವರೆಗೆ ನಾನು ಅಂದುಕೊಂಡದ್ದು, ತೊಂದರೆ ಇರುವುದು ಈ ಕ್ಲಿಕ್ಕುಗಳಲ್ಲಿ ಅಂತ. ಕೆಲಸ ಮುಗಿದ ಮೇಲೆ ನಿಜವಾದದ್ದು ಗೊತ್ತಾಯಿತು. ಮೇಡಂ ಡ್ರಾಯರ್‌ನಿಂದ ಒಂದು ಉದ್ದನೆಯ ರಿಜಿಸ್ಟರ್ ತೆಗೆದು, ಪರದೆ ನೋಡಿಕೊಂಡು 62 ಅಂಕಗಳನ್ನೂ ಪೆನ್ನಿನಲ್ಲಿ ಬರೆಯಲು ಶುರುಮಾಡಿದರು. ಯಾಕೆ ಅಂದೆ. ‘ವಿಭಾಗದಲ್ಲಿ ರಿಜಿಸ್ಟರ್ ಇರಲೇಬೇಕು’ ಅಂದರು. ಆಮೇಲೆ ಅದೇ ಅಂಕಗಳನ್ನು ಒಂದು ಎಕ್ಸೆಲ್ ಶೀಟಿಗೆ ಹಾಕಿ ಮುಖ್ಯಸ್ಥರಿಗೆ ಕಳಿಸಬೇಕು. ಸೆಮಿಸ್ಟರ್ ಕೊನೆಗೆ ಪರೀಕ್ಷಾ ವಿಭಾಗದ ಪೋರ್ಟಲ್‌ಗೆ ಇನ್ನೊಂದು ಸಲ ತುಂಬಬೇಕು. ಆ ಪೋರ್ಟಲ್ ಎಲ್‌ಎಂಎಸ್ ಜತೆ ಮಾತಾಡುವುದಿಲ್ಲ.

ಅಂದರೆ ಒಂದೇ ಅಂಕವನ್ನು ನಾಲ್ಕು ಕಡೆ ಬರೆಯುವುದು. ಎಲ್‌ಎಂಎಸ್ ಬರುವ ಮೊದಲು ಮೂರೇ ಕಡೆ ಇತ್ತು.

ನನಗೆ ಈ ವಿಷಯದಲ್ಲಿ ಹೇಳುವುದಕ್ಕಿರುವುದು ಹೆಚ್ಚುಕಮ್ಮಿ ಇಷ್ಟೇ. ನೀವು ಹೊಸದೊಂದನ್ನು ತಂದಿರಿ, ಅದಕ್ಕೆ ಬದಲಾಗಿ ಹಳೆಯದು ಯಾವುದನ್ನು ತೆಗೆದಿರಿ? ಏನನ್ನೂ ತೆಗೆಯದಿದ್ದರೆ ಅಧ್ಯಾಪಕರ ಪಾಲಿಗೆ ಎಲ್‌ಎಂಎಸ್ ಅಂದರೆ ಒಂದು ಹೆಚ್ಚುವರಿ ಕೆಲಸ, ಅದಕ್ಕೆ ಬೇರೆ ಹೆಸರಿಲ್ಲ. ಅದಕ್ಕೆ ಒಪ್ಪಿಗೆ ಸಿಗಲಿಲ್ಲ ಅಂತ ಕೊರಗುವುದರಲ್ಲಿ ಅರ್ಥವಿಲ್ಲ.

ಇಲ್ಲೊಂದು ಸ್ವಾರಸ್ಯ ಹೇಳಬೇಕು. ಇವತ್ತಿನ ಎಲ್‌ಎಂಎಸ್‌ಗಳ ಹಿರಿಯಣ್ಣಂದಿರು ಹುಟ್ಟಿದ್ದು ಪಾಠ ಹೇಳುವವರ, ಅವರ ಪಕ್ಕದಲ್ಲೇ ಇದ್ದವರ ಕೈಯಲ್ಲಿ. ವೆಬ್‌ಸಿಟಿ (WebCT) ಅನ್ನುವ ಎಲ್‌ಎಂಎಸ್ ಅನ್ನು 1990ರ ದಶಕದ ಮಧ್ಯದಲ್ಲಿ ಮಾಡಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಿದ್ದ ಮರ್ರೆ ಗೋಲ್ಡ್‌ಬರ್ಗ್. ಮೂಡಲ್ ಅನ್ನುವ ಇನ್ನೊಂದು ಎಲ್‌ಎಂಎಸ್ ಬಂದದ್ದು ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಅವರಿಂದ. ಅವರು ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಅದೇ ವೆಬ್‌ಸಿಟಿಯನ್ನು ನೋಡಿಕೊಳ್ಳುತ್ತಿದ್ದವರು. ಅದು ಸಾಲದು ಅನಿಸಿ ತಾವೇ ಒಂದು ಬರೆದರು, 2002ರಲ್ಲಿ ಮೊದಲ ಆವೃತ್ತಿ ಬಂತು. ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ಇವರೆಲ್ಲ ಕಣ್ಣೆದುರಿನ ತರಗತಿಯ ತಲೆನೋವಿಗೆ ಮದ್ದು ಹುಡುಕಿದವರು. ಕಾಲ ಕಳೆದಂತೆ ಕೊಳ್ಳುವವರು ಬೇರೆ, ಬಳಸುವವರು ಬೇರೆ ಆದರು. ಆಡಳಿತಕ್ಕೆ ವರದಿ ಬೇಕು, ಹಾಜರಿ ಬೇಕು, ಅಂಕಿಅಂಶ ಬೇಕು. ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ ಅನ್ನುವ ಹೆಸರಿನ ನಡುವೆ ಕುಳಿತಿರುವ ಆ ಮ್ಯಾನೇಜ್‌ಮೆಂಟ್ ಅನ್ನುವ ಪದಕ್ಕೇ ತೂಕ ಜಾಸ್ತಿಯಾಯಿತು.

ವಾಟ್ಸ್‌ಆ್ಯಪ್ ವಿಷಯಕ್ಕೆ ಬರೋಣ. ನೀವು ಅದನ್ನು ದೂರಿನ ಧಾಟಿಯಲ್ಲಿ ಬರೆದಿದ್ದೀರಿ. ನಾನಾದರೆ ಅದನ್ನು ನಿಮ್ಮ ಪ್ರತಿಸ್ಪರ್ಧಿ ಅಂತ ನೋಡುತ್ತೇನೆ. ‘ನಾಳೆ ಮೊದಲ ಕ್ಲಾಸ್ ಇಲ್ಲ’ ಅಂತ ತಿಳಿಸಲು ಎಲ್‌ಎಂಎಸ್‌ನಲ್ಲಿ ಲಾಗಿನ್ ಆಗಬೇಕು, ಪಾಸ್‌ವರ್ಡ್ ಮರೆತಿರುತ್ತದೆ, ಕೋರ್ಸ್ ಹುಡುಕಬೇಕು, ಪ್ರಕಟಣೆ ಅಂತ ಒತ್ತಬೇಕು, ವಿಷಯದ ಸಾಲು ಬರೆಯಬೇಕು. ಅಲ್ಲಿ ಹಾಕಿದರೂ ವಿದ್ಯಾರ್ಥಿ ನೋಡುತ್ತಾನೆ ಅನ್ನುವ ಖಾತರಿಯಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಸೆಕೆಂಡ್, ಓದಿದರು ಅನ್ನುವ ನೀಲಿ ಟಿಕ್ ಕೂಡ ಬರುತ್ತದೆ. ಇಲ್ಲಿ ಎಲ್‌ಎಂಎಸ್ ಗೆಲ್ಲುವುದಿಲ್ಲ, ಗೆಲ್ಲಿಸಲು ಹೋಗಬೇಡಿ. ಆದರೆ 62 ಜನ ಅಸೈನ್‌ಮೆಂಟನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲಿ ನೋಡೋಣ. ಫೋನ್ ತುಂಬಿ ಹೋಗುತ್ತದೆ, ಅರ್ಧ ಫೈಲಿನ ಹೆಸರು ಬರೀ ‘ಡಾಕ್ಯುಮೆಂಟ್ 1’, ಯಾರು ಕಳಿಸಿದ್ದಾರೆ ಯಾರು ಇಲ್ಲ ಅಂತ ಎಣಿಸುವುದೇ ಒಂದು ಸಂಜೆಯ ಕೆಲಸ. ‘ಸರ್, ನಾನು ಅವತ್ತೇ ಕಳಿಸಿದ್ದೆ’ ಅನ್ನುವ ವಾದ ಬೇರೆ. ಅಲ್ಲಿ ಎಲ್‌ಎಂಎಸ್ ಕಣ್ಣು ಮುಚ್ಚಿ ಗೆಲ್ಲುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ ಅಂತ ದಾಖಲೆ ಇಟ್ಟುಕೊಂಡಿರುತ್ತದೆ. ಗೆಲ್ಲುವ ಕಡೆ ನಿಂತು ಮಾತಾಡಿ, ಸೋಲುವ ಕಡೆಯನ್ನು ವಾಟ್ಸ್‌ಆ್ಯಪ್‌ಗೆ ಬಿಟ್ಟುಕೊಡಿ.

ಹಿರಿಯರಿಗೆ ಭಯ ಅನ್ನುವ ಮಾತಿಗೆ ನನ್ನ ಸಹಮತವಿಲ್ಲ. 2003ರಲ್ಲಿ ವೆಂಕಟೇಶ್ ಅನ್ನುವ ಸಂಶೋಧಕರು ಮತ್ತು ಅವರ ಜತೆಗಾರರು, ಡೇವಿಸ್ ಕೂಡ ಅವರಲ್ಲಿ ಒಬ್ಬರು, ಅಲ್ಲಿಯವರೆಗಿನ ಎಂಟು ಮಾದರಿಗಳನ್ನು ಒಟ್ಟಿಗಿಟ್ಟು ಯುಟಾಟ್ ಅನ್ನುವ ಒಂದು ಮಾದರಿ ಕಟ್ಟಿದರು. ಅದರಲ್ಲಿ ನಾಲ್ಕು ಅಂಶಗಳಿವೆ: ಕೆಲಸಕ್ಕೆ ಆಗುವ ಲಾಭ, ಪಡಬೇಕಾದ ಶ್ರಮ, ಸುತ್ತಲಿನವರ ಒತ್ತಾಯ, ಸಿಗುವ ನೆರವು ಮತ್ತು ಸೌಕರ್ಯ. ವಯಸ್ಸಿಗೆ ಅಲ್ಲಿ ಪಾತ್ರ ಇದೆ. ಆದರೆ ವಯಸ್ಸಾದವರು ಒಪ್ಪುವುದಿಲ್ಲ ಅಂತ ಆ ಮಾದರಿ ಹೇಳುವುದಿಲ್ಲ. ಕಿರಿಯರು ಹೆಚ್ಚಾಗಿ ಲಾಭ ನೋಡುತ್ತಾರೆ, ಹಿರಿಯರಿಗೆ ಶ್ರಮ ಎಷ್ಟು, ನೆರವು ಸಿಗುತ್ತದಾ ಅನ್ನುವುದು ಹೆಚ್ಚು ಮುಖ್ಯವಾಗುತ್ತದೆ. ಅಂದರೆ ಹಿರಿಯರು ಕೇಳುತ್ತಿರುವುದು ‘ನಾನು ಸಿಕ್ಕಿಹಾಕಿಕೊಂಡಾಗ ಯಾರಾದರೂ ಬರುತ್ತಾರಾ?’ ಅಂತ. ಅದಕ್ಕೆ ನಿಮ್ಮಲ್ಲಿ ಉತ್ತರ ಇದೆಯಾ? ಸಹಾಯವಾಣಿಯ ಮೇಲ್ ಐಡಿ ಕೊಟ್ಟರೆ ಅದು ಉತ್ತರವಲ್ಲ. ಕ್ವಿಜ್ ನಡೆಯುತ್ತಿದೆ, ಅರ್ಧ ತರಗತಿಗೆ ಪುಟ ತೆರೆಯುತ್ತಿಲ್ಲ, ಮೇಷ್ಟ್ರು ಎಲ್ಲರೆದುರು ಬೆವರುತ್ತಿದ್ದಾರೆ. ಆ ಐದು ನಿಮಿಷದಲ್ಲಿ ಫೋನ್ ಎತ್ತುವ ಒಬ್ಬ ಮನುಷ್ಯ ಬೇಕು. ಮೂವತ್ತು ವರ್ಷ ಪಾಠ ಮಾಡಿ ಹೆಸರು ಗಳಿಸಿದವರಿಗೆ ವಿದ್ಯಾರ್ಥಿಗಳ ಎದುರು ತಡಬಡಾಯಿಸುವುದು ಸಣ್ಣ ವಿಷಯವಲ್ಲ. ಒಮ್ಮೆ ಹಾಗಾದರೆ ಅವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅದನ್ನು ಕಂಪ್ಯೂಟರ್ ಭಯ ಅನ್ನುತ್ತೀರಾ, ಮರ್ಯಾದೆ ಅನ್ನುತ್ತೀರಾ, ನಿಮಗೆ ಬಿಟ್ಟದ್ದು.

ಹೊಸತು ಹೇಗೆ ಹರಡುತ್ತದೆ ಅಂತ ಅಧ್ಯಯನ ಮಾಡಿದ ಎವರೆಟ್ ರೋಜರ್ಸ್ ತಮ್ಮ ಕ್ಷೇತ್ರದ್ದೇ ಒಂದು ಕೆಟ್ಟ ಚಾಳಿಯನ್ನು ಎತ್ತಿ ತೋರಿಸಿದ್ದರು. ಹೊಸದನ್ನು ಯಾರಾದರೂ ಬಳಸದಿದ್ದರೆ ವ್ಯವಸ್ಥೆಯನ್ನು ಪ್ರಶ್ನಿಸುವ ಬದಲು ಆ ವ್ಯಕ್ತಿಯ ಮೇಲೇ ತಪ್ಪು ಹೊರಿಸುವುದು. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನುವ ಗಾದೆ ನಮ್ಮಲ್ಲಿದೆ ನಿಜ. ಆದರೆ ಕೆಲವು ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ.

ನಾನೂ ಆ ತಪ್ಪು ಮಾಡಿದವನೇ. ಶುರುವಿನ ದಿನಗಳಲ್ಲಿ ನನ್ನ ತರಬೇತಿ ಅಂದರೆ ಮೂರು ಗಂಟೆ, ಕಂಪ್ಯೂಟರ್ ಲ್ಯಾಬ್, ಎಲ್ಲ ಬಟನ್‌ಗಳ ಮೆರವಣಿಗೆ. ಇದು ಫೋರಂ, ಇದು ವಿಕಿ, ಇದು ಬ್ಯಾಡ್ಜ್. ಒಂದು ಕಾಲೇಜಿನಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೈಯೆತ್ತಿ, ‘ಸರ್, ನನ್ನ ಇಂಟರ್ನಲ್ ಮಾರ್ಕ್ಸ್ ಲೆಕ್ಕ ಇದೇ ಹಾಕುತ್ತದಾ? ಮೂರು ಟೆಸ್ಟ್‌ನಲ್ಲಿ ಒಳ್ಳೆಯ ಎರಡನ್ನು ತೆಗೆದುಕೊಳ್ಳಬೇಕು’ ಅಂತ ಕೇಳಿದರು. ‘ಅದು ಮುಂದಿನ ಸೆಷನ್’ ಅಂದೆ. ಮುಂದಿನ ಸೆಷನ್‌ಗೆ ಅವರು ಬರಲಿಲ್ಲ. ಯಾಕೆ ಬರಬೇಕು? ಅವತ್ತು ಅಲ್ಲಿ ಕೇಳಿದ ಒಂದೇ ಒಂದು ನಿಜವಾದ ಪ್ರಶ್ನೆ ಅದು. ಉತ್ತರ ಗೊತ್ತಿದ್ದೂ ನಾನು ಮುಂದಕ್ಕೆ ಹಾಕಿದೆ. ಗ್ರೇಡ್‌ಬುಕ್‌ನಲ್ಲಿ, ಅಂದರೆ ಎಲ್‌ಎಂಎಸ್ ಅಂಕ ಲೆಕ್ಕ ಹಾಕುವ ಪುಟದಲ್ಲಿ, ‘ಕಡಿಮೆ ಬಂದ ಒಂದನ್ನು ಬಿಟ್ಟುಬಿಡು’ ಅನ್ನುವ ಆಯ್ಕೆ ಇದ್ದೇ ಇತ್ತು, ಎರಡು ನಿಮಿಷದ ಕೆಲಸ.

ಹಾಗಂತ ಗ್ರೇಡ್‌ಬುಕ್ ಸಲೀಸು ಅಂತ ಹೇಳುತ್ತಿಲ್ಲ. ಅಧ್ಯಾಪಕರನ್ನು ಓಡಿಸುವುದರಲ್ಲಿ ಅದಕ್ಕೆ ಮೊದಲ ಬಹುಮಾನ ಕೊಡಬಹುದು. ಮೂಡಲ್‌ನಲ್ಲಿ ಖಾಲಿ ಇರುವ ಅಂಕವನ್ನು ಲೆಕ್ಕದಿಂದ ಬಿಡಬೇಕಾ ಅನ್ನುವ ಒಂದು ಸಣ್ಣ ಟಿಕ್ ಇದೆ. ಟಿಕ್ ಇದ್ದರೆ ಪರೀಕ್ಷೆಯನ್ನೇ ಬರೆಯದವನ ಸರಾಸರಿ ಚೆನ್ನಾಗಿ ಕಾಣುತ್ತದೆ. ತೆಗೆದರೆ, ಇನ್ನೂ ನಡೆಯದ ಪರೀಕ್ಷೆಗೂ ಎಲ್ಲರಿಗೂ ಸೊನ್ನೆ ಸೇರಿಕೊಳ್ಳುತ್ತದೆ. ಸೆಮಿಸ್ಟರ್ ನಡುವೆ ವಿದ್ಯಾರ್ಥಿಗಳು ತಮ್ಮ ಒಟ್ಟು ಅಂಕ ನೋಡಿ ಗಾಬರಿಯಾಗಿ ಬಾಗಿಲಿಗೆ ಬರುತ್ತಾರೆ. ಮೇಷ್ಟ್ರಿಗೆ ಏನಾಯಿತು ಅಂತಲೇ ಗೊತ್ತಿರುವುದಿಲ್ಲ. ಇಂಥದ್ದನ್ನು ಅಧ್ಯಾಪಕರು ಕಲಿಯಬೇಕಾಗಿಲ್ಲ. ನಿಮ್ಮ ವಿಭಾಗ ಒಂದೊಂದು ಕೋರ್ಸ್‌ಗೂ ನಿಯಮಕ್ಕೆ ಸರಿಯಾಗಿ ಅಂಕದ ಲೆಕ್ಕ ಹೊಂದಿಸಿ, ಖಾಲಿ ಕೋರ್ಸ್ ತಯಾರು ಮಾಡಿ ಕೈಗೆ ಕೊಡಬೇಕು.

ಕಡ್ಡಾಯದ ಬಗ್ಗೆ ಕೇಳಿದ್ದೀರಿ. ವೆಂಕಟೇಶ್ ಮತ್ತು ಡೇವಿಸ್ 2000ದಲ್ಲಿ ಇದನ್ನೇ ನೋಡಿದ್ದರು. ಕೆಲವು ಕಡೆ ಹೊಸ ವ್ಯವಸ್ಥೆ ಕಡ್ಡಾಯವಿತ್ತು, ಕೆಲವು ಕಡೆ ಇರಲಿಲ್ಲ. ಕಡ್ಡಾಯವಿದ್ದಲ್ಲಿ ಮೇಲಿನವರು, ಸುತ್ತಲಿನವರು ಏನನ್ನುತ್ತಾರೆ ಅನ್ನುವುದು ಶುರುವಿನಲ್ಲಿ ಕೆಲಸ ಮಾಡಿತು. ಬಳಸಿ ಅನುಭವವಾದಂತೆ ಆ ಒತ್ತಡದ ಕಸುವು ಇಳಿಯಿತು. ಜನ ತಮ್ಮ ಅನುಭವವನ್ನೇ ನಂಬತೊಡಗಿದರು. ಸುತ್ತೋಲೆಗೂ ಇದೇ ಗತಿ. ಮೊದಲ ತಿಂಗಳು ಲಾಗಿನ್ ಸಂಖ್ಯೆ ಮೇಲೇರುತ್ತದೆ, ನೀವು ಅದನ್ನು ಗ್ರಾಫ್ ಮಾಡಿ ಸಭೆಯಲ್ಲಿ ತೋರಿಸುತ್ತೀರಿ. ನಾಲ್ಕು ಪಿಡಿಎಫ್ ಇದ್ದಲ್ಲಿ ಹದಿನಾಲ್ಕಾಗುತ್ತದೆ. ಅಷ್ಟೇ. ಫೈಲ್ ಹಾಕಿ ಅಂದರೆ ಫೈಲ್ ಹಾಕುತ್ತಾರೆ. ಪಾಠ ಹಾಕಿ ಅಂತ ಆದೇಶ ಹೊರಡಿಸಲು ಬರುವುದಿಲ್ಲ.

2020ರಲ್ಲಿ ಇಡೀ ಪ್ರಪಂಚಕ್ಕೇ ಇದು ಕಡ್ಡಾಯವಾಯಿತಲ್ಲ, ಆಗ ಎಲ್ಲರೂ ಬಳಸಿದರಲ್ಲ ಅಂತ ನೀವು ಕೇಳಬಹುದು. ಬಳಸಿದರು, ಬೇರೆ ದಾರಿಯಿರಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲೇ ಶಿಕ್ಷಣ ಸಂಶೋಧಕ ಚಾರ್ಲ್ಸ್ ಹಾಜಸ್ ಮತ್ತು ಜತೆಗಾರರು ಬರೆದರು: ಇದು ಆನ್‌ಲೈನ್ ಶಿಕ್ಷಣವಲ್ಲ, ತುರ್ತು ದೂರಬೋಧನೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ. ಪೂರ್ತಿ ಆನ್‌ಲೈನ್ ಕೋರ್ಸ್ ಒಂದನ್ನು ಸರಿಯಾಗಿ ತಯಾರು ಮಾಡಲು ಸಾಮಾನ್ಯವಾಗಿ 6ರಿಂದ 9 ತಿಂಗಳು ಬೇಕು, ಎರಡನೇ ಅಥವಾ ಮೂರನೇ ಸಲ ನಡೆಸುವಾಗ ಅಧ್ಯಾಪಕರಿಗೆ ಹಿಡಿತ ಸಿಗುತ್ತದೆ ಅನ್ನುವ ಮಾತೂ ಅಲ್ಲಿದೆ. ಆ ಕಾಲದಲ್ಲಿ ಸಿಕ್ಕಿದ್ದು ಒಂದು ವಾರ. ಹಾಗಾಗಿ ಎಷ್ಟೋ ಜನರಿಗೆ ಎಲ್‌ಎಂಎಸ್ ಅಂದ ಕೂಡಲೇ ಆ ಒದ್ದಾಟವೇ ನೆನಪಾಗುತ್ತದೆ. ಅವರಿಗೆ ನಿಮ್ಮದು ಹೊಸ ಆಹ್ವಾನವೇನಲ್ಲ, ಮತ್ತೆ ಅದೇ ಪಾಡಾ ಅನಿಸುತ್ತದೆ.

ಇನ್ನು ತರಬೇತಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಟೀ ಕುಡಿಯುವಾಗ ಮಾತ್ರ ಹೇಳುವ ಸಂಗತಿಗಳು. ಎಲ್‌ಎಂಎಸ್ ಪ್ರತಿಯೊಂದು ಕ್ಲಿಕ್ಕನ್ನೂ ಬರೆದಿಟ್ಟುಕೊಳ್ಳುತ್ತದೆ ಅಂತ ಅಧ್ಯಾಪಕರಿಗೆ ಗೊತ್ತು. ಆ ದಾಖಲೆಯನ್ನು ಯಾರು ನೋಡುತ್ತಾರೆ? ನಾಳೆ ಬಡ್ತಿ ಸಮಯದಲ್ಲಿ ‘ನೀವು ಲಾಗಿನ್ ಆದದ್ದು ಬರೀ ಇಷ್ಟು ಸಲ’ ಅಂತ ಮುಂದಿಟ್ಟರೆ? ಇನ್ನೊಂದು, ನೋಟ್ಸ್. ಇಪ್ಪತ್ತು ವರ್ಷ ತಿದ್ದಿ ತೀಡಿದ ನೋಟ್ಸ್ ಒಮ್ಮೆ ಅಪ್‌ಲೋಡ್ ಆದರೆ ಅದು ಯಾರದ್ದು? ನಾನು ಬಿಟ್ಟುಹೋದ ಮೇಲೆ ಅತಿಥಿ ಉಪನ್ಯಾಸಕರೊಬ್ಬರ ಕೈಗೆ ಅದನ್ನೇ ಕೊಟ್ಟು ಪಾಠ ನಡೆಸಿದರೆ? ಅನುಮಾನ ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ಬರವಣಿಗೆಯಲ್ಲಿ ಉತ್ತರ ಸಿಗದಿರುವವರೆಗೆ ಜನ ನಾಲ್ಕು ಪಿಡಿಎಫ್‌ಗೇ ನಿಲ್ಲಿಸುತ್ತಾರೆ, ಅದೂ ಎಲ್ಲ ಕಡೆ ಸಿಗುವಂಥವನ್ನೇ ಹಾಕುತ್ತಾರೆ. ನೀವು ಅದನ್ನು ಸೋಮಾರಿತನ ಅಂದುಕೊಂಡಿದ್ದರೆ ಇನ್ನೊಮ್ಮೆ ನೋಡಿ.

ಒಪ್ಪಿಗೆ ಹುಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ ಒಂದು ಗಳಿಗೆಯನ್ನೂ ಹೇಳಿಬಿಡುತ್ತೇನೆ. ಒಬ್ಬರು ರಸಾಯನಶಾಸ್ತ್ರದ ಮೇಷ್ಟ್ರು, ನಿವೃತ್ತಿಗೆ ಹತ್ತಿರ ಇದ್ದವರು. ಒತ್ತಾಯಕ್ಕೆ ಒಂದು ಕ್ವಿಜ್ ಹಾಕಿದ್ದರು, ಹತ್ತು ಪ್ರಶ್ನೆ. ಮುಗಿದ ಮೇಲೆ ಅಂಕಿಅಂಶದ ಪುಟ ತೆರೆದು ತೋರಿಸಿದೆ. ಪ್ರತಿ ಪ್ರಶ್ನೆಗೂ ಶೇಕಡಾ ಎಷ್ಟು ಜನ ಸರಿ ಉತ್ತರ ಕೊಟ್ಟರು ಅಂತ ಅಲ್ಲಿ ಬರುತ್ತದೆ. ಒಳ್ಳೆಯ ವಿದ್ಯಾರ್ಥಿಗಳನ್ನೂ ಉಳಿದವರನ್ನೂ ಆ ಪ್ರಶ್ನೆ ಬೇರೆ ಮಾಡಿ ತೋರಿಸುತ್ತದಾ ಅನ್ನುವುದಕ್ಕೂ ಒಂದು ಅಂಕಿ ಇರುತ್ತದೆ. ಏಳನೇ ಪ್ರಶ್ನೆಯ ಎದುರು ಆ ಅಂಕಿ ಸೊನ್ನೆಗಿಂತ ಕೆಳಗಿತ್ತು. ಅಂದರೆ ಜಾಣರೇ ತಪ್ಪು ಮಾಡಿದ್ದರು, ಉಳಿದವರು ಸರಿ ಮಾಡಿದ್ದರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪ್ರಶ್ನೆ ಓದಿದರು, ಇನ್ನೊಮ್ಮೆ ಓದಿದರು. ‘ಅಯ್ಯೋ, ಕೀ ಉತ್ತರವೇ ತಪ್ಪು ಕೊಟ್ಟಿದ್ದೇನಲ್ಲಪ್ಪ’ ಅಂದರು. ಸರಿ ಉತ್ತರ ಬದಲಾಯಿಸಿ, ಮರುಮೌಲ್ಯಮಾಪನ ಅಂತ ಒತ್ತಿದೆವು. ಎಲ್ಲರ ಅಂಕವೂ ಅಲ್ಲೇ ಸರಿಹೋಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇಷ್ಟು ವರ್ಷ ಕಾಗದದ ಮೇಲೆ ಇಂಥವು ಎಷ್ಟು ಹೋಗಿರಬೇಕು’ ಅಂದರು. ಮುಂದಿನ ವಾರ ತಾವೇ ಫೋನ್ ಮಾಡಿ, ಹಳೇ ಪ್ರಶ್ನೆಪತ್ರಿಕೆಗಳನ್ನೆಲ್ಲ ಇದಕ್ಕೆ ಹಾಕುವುದು ಹೇಗೆ ಅಂತ ಕೇಳಿದರು.

ಅವರಿಗೆ ಬೇಕಾದದ್ದು ಆ ಒಂದು ಪುಟ. ಬೇರೆಯವರಿಗೆ ಬೇರೆಯದು. ಭಾಷೆ ಕಲಿಸುವವರಿಗೆ ಪ್ರಬಂಧದ ಮೇಲೆ ಧ್ವನಿಯಲ್ಲಿ ಟಿಪ್ಪಣಿ ಕೊಡುವುದು ಹಿಡಿಸಬಹುದು. ಗಣಿತದವರಿಗೆ ಸಮೀಕರಣ ಟೈಪ್ ಮಾಡುವುದೇ ಯಮಯಾತನೆ. ಅವರಿಗೆ ಕೈಬರಹದ ಹಾಳೆಯನ್ನು ಸ್ಕ್ಯಾನ್ ಮಾಡಿ ಹಾಕಲು ಬಿಡಿ, ಒತ್ತಾಯ ಮಾಡಬೇಡಿ. ನೆಟ್ ನಿಧಾನ ಇರುವವರಿಗೆ ಎಲ್ಲರ ಅಸೈನ್‌ಮೆಂಟನ್ನೂ ಒಂದೇ ಜಿಪ್ ಫೈಲಿನಲ್ಲಿ ಇಳಿಸಿಕೊಂಡು, ಮನೆಯಲ್ಲಿ ಕುಳಿತು ಶೀಟಿನಲ್ಲಿ ಅಂಕ ತುಂಬಿ, ಒಟ್ಟಿಗೇ ವಾಪಸ್ ಹಾಕುವ ದಾರಿ ಮೂಡಲ್‌ನಲ್ಲಿದೆ. ನನ್ನ 62 ಅಸೈನ್‌ಮೆಂಟಿನ ಮೇಡಂಗೆ ಇದನ್ನು ಯಾರೂ ತೋರಿಸಿರಲಿಲ್ಲ. ತರಬೇತಿ ಕೊಟ್ಟಿದ್ದು ನಾನೇ ಆಗಿದ್ದರಿಂದ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ.

ಆದ್ದರಿಂದ ಐದನೇ ಸುತ್ತಿನ ತರಬೇತಿ ಬೇಡ. ಒಂದು ವಿಭಾಗ ಆರಿಸಿಕೊಳ್ಳಿ. ಅಲ್ಲಿ ಇಬ್ಬರೋ ಮೂವರೋ ಅಧ್ಯಾಪಕರ ಪಕ್ಕ ಒಂದೊಂದು ದಿನ ಕುಳಿತು, ಅವರ ಯಾವ ಕೆಲಸ ಎರಡೆರಡು ಸಲ ನಡೆಯುತ್ತಿದೆ ಅಂತ ಬರೆದುಕೊಳ್ಳಿ. ಅದರಲ್ಲಿ ಒಂದನ್ನು ಮಾತ್ರ ಎಲ್‌ಎಂಎಸ್‌ಗೆ ತನ್ನಿ, ಹಳೆಯ ದಾರಿಯನ್ನು ಮುಚ್ಚಿ. ಆಮೇಲೆ ಚೆನ್ನಾಗಿ ಬಂದ ಒಂದು ಕೋರ್ಸ್ ಪುಟವನ್ನು, ಅವರ ಒಪ್ಪಿಗೆ ತೆಗೆದುಕೊಂಡು, ವಿಭಾಗದ ಉಳಿದವರಿಗೆ ತೆರೆದಿಡಿ. ತರಗತಿಯ ಪಾಠವಾದರೆ ಕಾರಿಡಾರಿನಲ್ಲಿ ಹೋಗುವವರಿಗೂ ಕಿವಿಗೆ ಬೀಳುತ್ತದೆ. ಎಲ್‌ಎಂಎಸ್‌ನಲ್ಲಿ ಪಕ್ಕದ ಕೋಣೆಯವರು ಏನು ಮಾಡುತ್ತಿದ್ದಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಪಾಸ್‌ವರ್ಡಿನ ಬೀಗ. ಕಣ್ಣಿಗೆ ಕಾಣದ್ದು ಹರಡುವುದಿಲ್ಲ, ಇದೂ ರೋಜರ್ಸ್ ಹೇಳಿದ್ದೇ. ಮೊದಲ ಸಲ ಕೋರ್ಸ್ ಕಟ್ಟುವ ಸೆಮಿಸ್ಟರ್‌ನಲ್ಲಿ ಆ ಗಂಟೆಗಳನ್ನು ಕೆಲಸದ ಲೆಕ್ಕಕ್ಕೆ ಹಿಡಿಯಿರಿ. ರಾತ್ರಿ ಮನೆಯಲ್ಲಿ ಕುಳಿತು ಪುಕ್ಕಟೆ ಮಾಡಲಿ ಅನ್ನುವುದು ನ್ಯಾಯವಲ್ಲ.

ಅಳೆಯುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲಾಗಿನ್ ಎಣಿಸಬೇಡಿ. 2001ರಲ್ಲಿ ಅನೋಲ್ ಭಟ್ಟಾಚಾರ್ಜಿ ಅನ್ನುವ ಸಂಶೋಧಕರು ಒಂದು ಒಳ್ಳೆಯ ವ್ಯತ್ಯಾಸ ತೋರಿಸಿದರು: ಮೊದಲ ಸಲ ಬಳಸುವುದು ಬೇರೆ, ಬಳಸುತ್ತಲೇ ಇರುವುದು ಬೇರೆ. ಮುಂದುವರಿಸುತ್ತಾರಾ ಅನ್ನುವುದು, ಶುರುವಿನಲ್ಲಿ ಇಟ್ಟುಕೊಂಡ ನಿರೀಕ್ಷೆ ಎಷ್ಟು ನಿಜವಾಯಿತು ಅನ್ನುವುದರ ಮೇಲೆ ನಿಂತಿದೆ. ಉದ್ಘಾಟನೆಯ ದಿನ ‘ನಿಮ್ಮ ಅರ್ಧ ಕೆಲಸ ಕಮ್ಮಿಯಾಗುತ್ತದೆ’ ಅಂತ ವೇದಿಕೆಯಲ್ಲಿ ಹೇಳಿದ್ದರೆ ಅದರ ಬೆಲೆಯನ್ನೇ ನೀವೀಗ ತೆರುತ್ತಿರುವುದು. ಮೊದಲ ಸೆಮಿಸ್ಟರ್ ಕೆಲಸ ಜಾಸ್ತಿಯೇ ಆಗುತ್ತದೆ, ಅದನ್ನು ಮೊದಲೇ ಹೇಳಿಬಿಡಿ. ನಾನಾದರೆ ಒಂದೇ ವಿಷಯ ನೋಡುತ್ತೇನೆ. ಸೆಮಿಸ್ಟರ್ ಮುಗಿದ ಮೇಲೆ ಎಷ್ಟು ಜನ ತಮ್ಮ ಹಳೇ ಕೋರ್ಸನ್ನು ನಕಲು ಮಾಡಿಕೊಂಡು, ತಿದ್ದಿ, ಮತ್ತೆ ನಡೆಸುತ್ತಿದ್ದಾರೆ? ಯಾರೂ ಹೇಳದೆ ತಾವಾಗಿಯೇ ಹಾಗೆ ಮಾಡಿದವರು ಒಪ್ಪಿದ್ದಾರೆ ಅಂತ ಅರ್ಥ. ಕೆಲವರು ಯಾವತ್ತೂ ಬರುವುದಿಲ್ಲ. ಚಾಕ್‌ಪೀಸ್ ಹಿಡಿದು ಅದ್ಭುತವಾಗಿ ಪಾಠ ಮಾಡುವವರಿದ್ದಾರೆ, ಅವರನ್ನು ಅವರ ಪಾಡಿಗೆ ಬಿಡಿ. ಪಾಠದ ಯೋಜನೆ, ಕೊನೆಯ ದಿನಾಂಕ, ಅಂಕ, ಈ ಮೂರು ಎಲ್ಲ ಕೋರ್ಸಿನದ್ದೂ ಒಂದೇ ಕಡೆ ಸಿಗುವುದು ವಿದ್ಯಾರ್ಥಿಯ ಹಕ್ಕು. ಅಷ್ಟನ್ನು ಬೇಕಿದ್ದರೆ ಕಡ್ಡಾಯ ಮಾಡಿ, ನನ್ನ ಅಡ್ಡಿಯಿಲ್ಲ.

ಈಗ ಆ ಸುತ್ತೋಲೆ. ಹೊರಡಿಸಿ, ಆದರೆ ಅಧ್ಯಾಪಕರ ಹೆಸರಿಗೆ ಬೇಡ. ಮೊದಲನೆಯದು ಪರೀಕ್ಷಾ ವಿಭಾಗಕ್ಕೂ ಎಲ್ಲ ವಿಭಾಗದ ಮುಖ್ಯಸ್ಥರಿಗೂ ಹೋಗಲಿ: ‘ಎಲ್‌ಎಂಎಸ್‌ನಿಂದ ತೆಗೆದ ಅಂಕಪಟ್ಟಿಯೇ ಅಧಿಕೃತ. ರಿಜಿಸ್ಟರ್ ಕೇಳಬಾರದು, ಎಕ್ಸೆಲ್ ಕೇಳಬಾರದು.’ ಎರಡನೆಯದರಲ್ಲಿ ಲಾಗಿನ್ ದಾಖಲೆಯನ್ನು ಬಡ್ತಿಗೆ ಬಳಸುವುದಿಲ್ಲ ಅಂತ, ನೋಟ್ಸ್ ಯಾರದ್ದು ಅಂತ ಸ್ಪಷ್ಟವಾಗಿ ಬರೆಯಿರಿ. ಇವೆರಡಕ್ಕೂ ಮೇಲಿನವರ ಸಹಿ ಹಾಕಿಸುವುದು ಸುಲಭವಿಲ್ಲ, ನನಗೆ ಗೊತ್ತು. ಆ ಕಷ್ಟವನ್ನೇ ಒಮ್ಮೆ ಅವರಿಗೆ ವಿವರಿಸಿ ನೋಡಿ. ಅಧ್ಯಾಪಕರು ಯಾಕೆ ಬದಲಾಗುತ್ತಿಲ್ಲ ಅಂತ ಕೇಳುತ್ತಿರುವವರು ಅವರೇ ತಾನೆ?

ಮುಂದಿನ ಸರ್ವೆಯಲ್ಲಿ ಹೆಸರು ಕೇಳಬೇಡಿ, ವಿಭಾಗ ಮಾತ್ರ ಕೇಳಿ. ಪ್ರಶ್ನೆಯೂ ಒಂದೇ ಇರಲಿ: ‘ಕಳೆದ ವಾರ ಎಲ್‌ಎಂಎಸ್‌ನಲ್ಲಿ ಮಾಡಿದ ಯಾವ ಕೆಲಸ, ಬೇರೆ ರೀತಿ ಮಾಡಿದ್ದರೆ ಜಾಸ್ತಿ ಹೊತ್ತು ಹಿಡಿಯುತ್ತಿತ್ತು?’ ಯಾವ ವಿಭಾಗದಿಂದ ಖಾಲಿ ಹಾಳೆ ಹೆಚ್ಚು ಬರುತ್ತದೋ ಅಲ್ಲಿಗೆ ಒಂದು ಕುರ್ಚಿ ಎಳೆದುಕೊಂಡು ಹೋಗಿ ಕುಳಿತುಕೊಳ್ಳಿ.